ಮೂರು ಮಂದಿ, ಎರಡು ಕುರ್ಚಿ, ಒಂದು ಭಾಷಾ ವಿಭಾಗ

ಈ ಫಜೀತಿಗಳು ಯಾವ ಮುಹೂರ್ತದಲ್ಲಿ ಶುರುವಾದವೋ ಏನೋ, ನಾನು ಬೀದರಿನ ಆ ಕಾಲೇಜಿನಲ್ಲಿ ಇದ್ದಷ್ಟು ವರ್ಷವೂ ನಿಲ್ಲಲಿಲ್ಲ. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಮ್ಮ ಭಾಷಾ ವಿಭಾಗದವರು ಕೂತು ಇಡೀ ವರ್ಷದ ಯೋಜನೆ ಹಾಕುತ್ತಿದ್ದೆವು. ವರ್ಷ ಮುಗಿಯುವುದರೊಳಗೆ ಆ ಯೋಜನೆ ಊರೆಲ್ಲ ಆಡಿಕೊಂಡು ನಗುವ ಮಾತಾಗಿರುತ್ತಿತ್ತು. ಈಗಲೂ ನೆನೆಸಿಕೊಂಡು ಒಬ್ಬನೇ ನಗುತ್ತೇನೆ. ನಮ್ಮ ವಿಭಾಗದ ಆ ಕೋಣೆ ಮತ್ತೆ ಸಿಗುವುದಾದರೆ ನೆಲದ ಮೇಲೆ ಕೂಡಲಿಕ್ಕೂ ನಾನು ತಯಾರು.

ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಕೂಡಿದ ಹೊಸತು ಅದು. ವಿಭಾಗ ಅಂದರೆ ಮೂರೇ ಮಂದಿ. ಮುಖ್ಯಸ್ಥರು ಔರಾದ ಕಡೆಯವರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು. ಕನ್ನಡ ಪಾಠ ಹೇಳುತ್ತಿದ್ದರೂ ಅವರು ಸಾಲಿ ಕಲಿತದ್ದೆಲ್ಲ ನಿಜಾಮರ ಕಾಲದ ಉರ್ದುವಿನಲ್ಲಿ. ಎಲ್ಲರೂ ಅವರನ್ನು ದೊಡ್ಡ ಮಾಸ್ತರ್ ಅಂತಲೇ ಕರೆಯುತ್ತಿದ್ದರು. ಎರಡನೆಯವರು ಉರ್ದು ಪಾಠ ಹೇಳುವ ಸಾಹೇಬರು. ಮೂರನೆಯವ ನಾನು, ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯವ, ಕನ್ನಡದ ಕಿರಿಯ ಮಾಸ್ತರ.

ಸಾಹೇಬರು ನನಗೆ ಅಣ್ಣನಿಗಿಂತ ಹೆಚ್ಚು. ನಾನು ನೌಕರಿಗೆ ಸೇರಿದ ದಿನ ಬಾಡಿಗೆ ಮನೆ ಹುಡುಕಿಕೊಟ್ಟವರು ಅವರು, ಜ್ವರ ಬಂದು ಮಲಗಿದಾಗ ಗಂಜಿ ತಂದವರು ಅವರು. ಆದರೆ ರಾಜ್ಯ ಕೂಡಿದ ಮೇಲೆ ಉರ್ದು ತೆಗೆದುಕೊಳ್ಳುವ ಹುಡುಗರು ವರ್ಷ ವರ್ಷಕ್ಕೂ ಕಡಿಮೆಯಾಗತೊಡಗಿದರು. ಸರ್ಕಾರದ ಹತ್ತಿರ ರೊಕ್ಕ ಮೊದಲೇ ಇಲ್ಲ. ಉರ್ದು ಹುದ್ದೆ ತೆಗೆದರೆ ಸಾಹೇಬರು ಎಲ್ಲಿಗೋ ದೂರ ಹೋಗಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ನಮಗೆಲ್ಲ ಅವರು ಅಮ್ಮಾಜಾನ್. ಆ ಮುದುಕಿ, "ನಾ ಬೀದರದ ಬಾವಿ ನೀರು ಬಿಟ್ಟು ಬ್ಯಾರೆ ನೀರು ಕುಡಿಯಾಕಿ ಅಲ್ಲ" ಅಂತ ಹಟ ಹಿಡಿದು ಕೂತಿದ್ದರು. ಹೀಗಾಗಿ ಪ್ರತಿ ವರ್ಷದ ಯೋಜನೆ ಅಂದರೆ ನಮಗೆ ಒಂದೇ ಅರ್ಥ: ಈ ವರ್ಷ ಸಾಹೇಬರನ್ನು ಉಳಿಸಿಕೊಳ್ಳುವುದು ಹ್ಯಾಂಗ?

ಕುರ್ಚಿ ಹಾಕಿದ ವೇಳಾಪಟ್ಟಿ

ನಮಗಿದ್ದದ್ದು ಒಂದೇ ಕೋಣೆ. ಕಲ್ಲಿನ ಗೋಡೆ, ಕಮಾನಿನ ಕಿಟಕಿ, ಒಂದು ಮೇಜು, ಎರಡು ಕುರ್ಚಿ. ಮೂರನೇ ಕುರ್ಚಿ ಕೇಳಿದಾಗೆಲ್ಲ "ಮುಂದಿನ ವರ್ಷ ನೋಡೋಣ" ಅಂತ ಉತ್ತರ ಬರುತ್ತಿತ್ತು.

ದೊಡ್ಡ ಮಾಸ್ತರ್ ಒಂದು ಉಪಾಯ ಮಾಡಿದರು. ವೇಳಾಪಟ್ಟಿಯನ್ನು ವಿಷಯ ನೋಡಿ ಹಾಕಲಿಲ್ಲ, ಕುರ್ಚಿ ನೋಡಿ ಹಾಕಿದರು. ಯಾವ ಹೊತ್ತಿನಲ್ಲೂ ಮೂವರಲ್ಲಿ ಒಬ್ಬ ಪಾಠ ಹೇಳುತ್ತಲೇ ಇರಬೇಕು. ಒಬ್ಬ ಕೋಣೆಗೆ ಬಂದರೆ ಇನ್ನೊಬ್ಬ ಎದ್ದು ಹೋಗಬೇಕು. ನಾನು ಪಾಠ ಬೇಗ ಮುಗಿಸಿ ಬಂದೆನೋ, ದೊಡ್ಡ ಮಾಸ್ತರ್ ಬಾಗಿಲಲ್ಲೇ ತಡೆಯುತ್ತಿದ್ದರು.

"ಇನ್ನ ಗಂಟಿ ಆಗಿಲ್ಲಲ್ಲೋ ತಮ್ಮಾ, ಎಲ್ಲಿ ಕೂಡ್ತಿ?"

"ಪಾಠ ಮುಗೀತ್ರಿ ಸರ್."

"ಪಾಠ ಮುಗದ್ರ ಏನಾಯ್ತು, ಕುರ್ಚಿ ಖಾಲಿ ಇಲ್ಲ. ಹೋಗು, ಅದೇ ಪಾಠ ಮತ್ತೊಮ್ಮಿ ಹೇಳು."

ಸಾಹೇಬರು ಮಾತ್ರ ನನ್ನ ಕಷ್ಟ ನೋಡಲಾರದೆ ತಮ್ಮ ಕುರ್ಚಿಯ ಅರ್ಧ ಸರಿದು, "ಬಾ ಭಾಯಿ, ಹೊಂದಿಕೊಂಡು ಕೂಡೋಣ" ಅನ್ನುತ್ತಿದ್ದರು. ಒಂದೇ ಕುರ್ಚಿಯಲ್ಲಿ ಇಬ್ಬರು ಕೂತು, ಒಂದೇ ಕಪ್ಪಿನ ಚಹಾ ಬಸಿಯಲ್ಲಿ ಹಂಚಿಕೊಂಡು ಕುಡಿದ ಮಧ್ಯಾಹ್ನಗಳು ಎಷ್ಟೋ. ಆಮೇಲೆ ನನಗೆ ಒಳ್ಳೊಳ್ಳೆ ಕುರ್ಚಿಗಳು ಸಿಕ್ಕವು, ಕೈ ಇದ್ದವು, ಮೆತ್ತೆ ಇದ್ದವು. ಆ ಅರ್ಧ ಕುರ್ಚಿಯ ಸುಖ ಯಾವುದರಲ್ಲೂ ಸಿಗಲಿಲ್ಲ.

ಆ ವರ್ಷ ಮೈಸೂರು ಕಡೆಯಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ನಮ್ಮ ವೇಳಾಪಟ್ಟಿ ನೋಡಿ ಬೆರಗಾದರು. "ಎಷ್ಟು ಅಚ್ಚುಕಟ್ಟಾಗಿದೆ ಸ್ವಾಮಿ! ಒಂದು ನಿಮಿಷವೂ ಮೇಷ್ಟ್ರುಗಳು ಮೂವರೂ ಒಟ್ಟಿಗೆ ಸುಮ್ಮನೆ ಕೂತಿಲ್ಲ. ಯಾರು ಮಾಡಿದ್ದು ಇದನ್ನ?"

ದೊಡ್ಡ ಮಾಸ್ತರ್ ಕೈ ಮುಗಿದು ಹೇಳಿದರು: "ನಾವು ಮಾಡಿದ್ದಲ್ಲರಿ ಸಾಹೇಬ್ರ. ಕುರ್ಚಿ ಮಾಡ್ಯಾವ."

ಮೇಲಿನಿಂದ, ಕೆಳಗಿನಿಂದ

ಹೈದರಾಬಾದಿನ ಕಾಲದಿಂದ ದೊಡ್ಡ ಮಾಸ್ತರಿಗೆ ಒಂದು ರೂಢಿ. ವರ್ಷಕ್ಕೆ ಬೇಕಾದ ಸಾಮಾನು ಬರೆದು ಕಳಿಸುವಾಗ ಬೇಡದ್ದನ್ನು ಮೇಲೆ ಬರೆಯುವುದು, ಬೇಕಾದದ್ದನ್ನು ತಳಕ್ಕೆ ಬರೆಯುವುದು. ಯಾಕೆಂದರೆ ಆಗಿನ ಅಧಿಕಾರಿಗಳು ಕೆಂಪು ಶಾಯಿ ಹಿಡಿದು ಮೇಲಿನಿಂದ ಹೊಡೆಯುತ್ತಾ ಬರುತ್ತಿದ್ದರಂತೆ. "ಅರ್ಧಕ್ಕ ಬರೋದ್ರಾಗ ಅವ್ರಿಗಿ ಬ್ಯಾಸರ ಆಗ್ತದ, ಇಲ್ಲಾ ಪಾನ್ ತಿನ್ನಾಕ ಏಳ್ತಾರ. ತಳದಾಗಿನವು ಬಚಾವ್" ಅನ್ನುತ್ತಿದ್ದರು. ಅವರ ಲೆಕ್ಕ ಅಷ್ಟು ವರ್ಷ ತಪ್ಪಿರಲಿಲ್ಲ.

ಆ ವರ್ಷವೂ ಹಾಗೆಯೇ ಬರೆದರು. ಮೇಲೆ ಕಸಬರಿಗೆ, ಅದೂ ಒಂದು ಹೊರೆ. ಅದರ ಕೆಳಗೆ ಕುಡಿಯುವ ನೀರಿನ ಮಣ್ಣಿನ ಸುರಾಯಿಗಳು, ಅವೂ ಕೈ ಬಿಚ್ಚಿ. ತಳದಲ್ಲಿ ಮೆಲ್ಲಗೆ, ಯಾರಿಗೂ ಕಾಣಬಾರದು ಅನ್ನುವ ಹಾಗೆ ಕನ್ನಡದ ಪುಸ್ತಕ, ಉರ್ದು ಪುಸ್ತಕ, ಒಂದು ಕುರ್ಚಿ.

ಪುಸ್ತಕದ ಮೇಲೆ ಸಾಹೇಬರಿಗೆ ಭಾಳ ಆಸೆ. "ಉರ್ದು ಪುಸ್ತಕ ಬಂದ್ರ ಹುಡುಗ್ರು ಬರ್ತಾರ ಭಾಯಿ. ಹುಡುಗ್ರು ಬಂದ್ರ ನಾ ಉಳೀತೇನಿ" ಅಂತ ದಿನಾ ಟಪಾಲಿನವನ ದಾರಿ ಕಾಯುತ್ತಿದ್ದರು.

ಆದರೆ ಹೊಸ ರಾಜ್ಯದ ಅಧಿಕಾರಿ ಕೆಂಪು ಶಾಯಿಯವರಲ್ಲ. ಪಾಪ, ಪ್ರಾಮಾಣಿಕ ಮನುಷ್ಯ. ಮೇಲೆ ಬರೆದದ್ದೇ ಅತಿ ಜರೂರು ಅಂತ ತಿಳಿದು ಮೇಲಿನಿಂದ ಒಂದೊಂದನ್ನೇ ಮಂಜೂರು ಮಾಡುತ್ತಾ ಬಂದರು. ಸುರಾಯಿ ಮುಗಿಯುವಷ್ಟರಲ್ಲಿ ನಮ್ಮ ಪಾಲಿನ ರೊಕ್ಕವೂ ಮುಗಿಯಿತು.

ಒಂದು ದಿನ ಗಾಂಧಿ ಗಂಜದ ಪೇಟೆಯ ಹಮಾಲರು ಕೈಗಾಡಿ ದಬ್ಬಿಕೊಂಡು ಬಂದರು. ಗಾಡಿ ತುಂಬ ಕಸಬರಿಗೆ. ಹಿಂದೆ ಇನ್ನೊಂದು ಗಾಡಿ, ಅದರಲ್ಲಿ ಹುಲ್ಲಿನ ನಡುವೆ ಸುರಾಯಿ. ಇಳಿಸಿ ಮುಗಿಸುವಷ್ಟರಲ್ಲಿ ನಮ್ಮ ಕೋಣೆಯ ಬಾಗಿಲೇ ತೆರೆಯದಂತಾಯಿತು. ಸಾಹೇಬರು ಹುಲ್ಲಿನೊಳಗೆ ಕೈ ಹಾಕಿ ಹಾಕಿ ಹುಡುಕಿದರು, ಎಲ್ಲಾದರೂ ಒಂದು ಪುಸ್ತಕ ಇದ್ದೀತೇನೋ ಅಂತ.

ಹಮಾಲನೊಬ್ಬ ಕೇಳಿದ: "ಯಾಕ್ರಿ ಮಾಸ್ತರ್ರ, ಕಾಲೇಜ್ ಬಂದ್ ಮಾಡಿ ಅಂಗಡಿ ಹಾಕ್ತೀರೇನು?"

ಮುಂದೆ ಅದೇ ಅಧಿಕಾರಿ ಬಂದಾಗ ಕೋಣೆಯನ್ನು ಒಂದು ಸುತ್ತು ನೋಡಿ, "ನಿಮ್ಮ ವಿಭಾಗ ಬಹಳ ಸ್ವಚ್ಛವಾಗಿದೆ ಕಣ್ರೀ" ಅಂತ ಮೆಚ್ಚಿದರು.

ದೊಡ್ಡ ಮಾಸ್ತರ್ ಅಂದರು: "ಸ್ವಚ್ಛ ಅದರಿ. ಗುಡಸಾಕ ಭಾಳ ಅದ, ಓದಾಕ ಏನೂ ಇಲ್ಲ."

ಔರಾದಿಗೆ ಹೋದ ಹಾರ

ರಾಜ್ಯ ಒಂದಾದ ದಿನದ ಹಬ್ಬ ಮಾಡಬೇಕು ಅಂತ ಮೇಲಿನಿಂದ ಹುಕುಂ ಬಂತು. ರೊಕ್ಕ ಬರಲಿಲ್ಲ. ವೇದಿಕೆಯ ಮೇಲೆ ಕೂಡುವವರು ಅನೇಕರು, ಹಾರಕ್ಕೆ ಉಳಿದದ್ದು ಒಂದು ಹಾರದ ರೊಕ್ಕ.

ದೊಡ್ಡ ಮಾಸ್ತರ್ ಹೆದರಲಿಲ್ಲ. "ಹಾರ ಹಾಕಿಸ್ಕೊಂಡಾವ್ರು ಏನ್ ಮಾಡ್ತಾರ? ಕೂಡಲೇ ತಗದು ಟೇಬಲ್ ಮ್ಯಾಲ ಇಡ್ತಾರ. ಅದೇ ಹಾರ ತಗೊಂಡು ಮುಂದಿನವ್ರಿಗಿ ಹಾಕು. ತಿರಗಾಡ್ಲಿ" ಅಂದರು. ಅವರ ಮಾತು ಸರಿಯೇ. ನಮ್ಮ ಕಡೆ ಸಭೆಯಲ್ಲಿ ಹಾರವನ್ನು ಕೊರಳಲ್ಲಿ ಇಟ್ಟುಕೊಳ್ಳುವವರು ಯಾರಿದ್ದಾರೆ! ಇಟ್ಟುಕೊಂಡರೆ ದೊಡ್ಡಸ್ತಿಕೆ ಅಂತ ಜನ ತಿಳಿದಾರು ಎಂದು ಹಾಕುವುದರೊಳಗೆ ತೆಗೆಯುತ್ತಾರೆ. ಹಾರವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೆಲಸ ನನಗೆ, ಹೆಸರು ಕೂಗುವ ಕೆಲಸ ಸಾಹೇಬರಿಗೆ.

ಮುಖ್ಯ ಅತಿಥಿ ಔರಾದಿನ ಒಬ್ಬ ಹಿರಿಯರು. ಗಾಂಧಿ ಟೋಪಿ, ಬಿಳಿ ಮೀಸೆ. ಜೀವಮಾನದಲ್ಲಿ ಅವರ ಕೊರಳಿಗೆ ಬಿದ್ದ ಮೊದಲನೇ ಹಾರ ಅದೇ ಅಂತ ಕಾಣುತ್ತದೆ. ನಾನು ಹಾಕಿದೆ. ಅವರು ತೆಗೆಯಲಿಲ್ಲ. ನಾನು ಪಕ್ಕದಲ್ಲೇ ನಿಂತೆ. ಅವರು ಹೂವನ್ನು ಮೂಸಿ ನೋಡಿದರು, ಎರಡೂ ಕಡೆ ಸಮ ಬಿದ್ದಿದೆಯೋ ಇಲ್ಲವೋ ಅಂತ ಸರಿ ಮಾಡಿಕೊಂಡರು, ಭದ್ರವಾಗಿ ಕೂತರು. ನಾನು ಮೆಲ್ಲಗೆ, "ಭಾರ ಆಗ್ತದೇನೋ ಅಜ್ಜಾರ, ತಗದು ಇಡ್ಲೇನ್ರಿ?" ಅಂದೆ.

"ಛೇ ಛೇ, ಏನ್ ಭಾರ ತಮ್ಮಾ! ನೀವು ಪ್ರೀತಿಲಿಂದ ಹಾಕೀರಿ."

ಅತ್ತ ಸಾಹೇಬರು ಮುಂದಿನವರ ಹೆಸರು ಕೂಗಿಯೇ ಬಿಟ್ಟಿದ್ದರು. ಆ ಮನುಷ್ಯ ಎದ್ದು, ಕೊರಳು ಬಗ್ಗಿಸಿ ನಿಂತಿದ್ದಾನೆ. ನನ್ನ ಕೈ ಖಾಲಿ. ಸಾಹೇಬರು ನನ್ನ ಕಡೆ ನೋಡಿದರು, ಅಜ್ಜನ ಕೊರಳು ನೋಡಿದರು, ಎಲ್ಲ ತಿಳಿಯಿತು. ತಕ್ಷಣ ದನಿ ಏರಿಸಿ ಆ ಮನುಷ್ಯನ ಮೇಲೆ ಅಲ್ಲೇ ಎರಡು ಸಾಲು ಉರ್ದು ಪದ್ಯ ಕಟ್ಟಿ ಹಾಡಿದರು. ಸಭೆ "ವಾಹ್ವಾ" ಅಂತು. ಆತ ಬಗ್ಗಿಸಿದ ಕೊರಳನ್ನು ಹಿಗ್ಗಿನಿಂದ ಎತ್ತಿದ. ಮುಂದಿನವರಿಗೆಲ್ಲ ಹಾಗೆಯೇ ಒಬ್ಬೊಬ್ಬರಿಗೆ ಒಂದೊಂದು ಪದ್ಯ. ಕಡೆಕಡೆಗೆ ಜನ ಹಾರ ಮರೆತು ಪದ್ಯಕ್ಕೇ ಕಾಯತೊಡಗಿದರು. ಇಂಥ ಮನುಷ್ಯನನ್ನು ಬಿಟ್ಟು ಈ ವಿಭಾಗ ಹ್ಯಾಂಗ ನಡೆದೀತು ಅಂತ ನನಗೆ ಅವತ್ತೇ ಅನಿಸಿತು.

ಅಜ್ಜ ಹಾರ ಹಾಕಿಕೊಂಡೇ ಭಾಷಣ ಮಾಡಿದರು, ಹಾಕಿಕೊಂಡೇ ಉಂಡರು, ಹಾಕಿಕೊಂಡೇ ಔರಾದಿನ ಬಸ್ಸು ಹತ್ತಿದರು. ವಾರದ ಮೇಲೆ ಅವರ ಕಡೆಯವರೊಬ್ಬರು ಬಂದು ಹೇಳಿದರು: "ನಮ್ಮ ಅಜ್ಜಾ ನಿಮ್ಮ ಹಬ್ಬಾ ಭಾಳ ಹೊಗಳಿದ. ಬರೇ ಒಂದು ಮಾತು ಹೇಳ್ಯಾನ್ರಿ, ತನಗೊಬ್ಬನಿಗೇ ಪದ್ಯಾ ಹಾಡಲಿಲ್ಲಂತ, ಅದೊಂದು ಬಾಕಿ ಉಳೀತಂತ."

ಅಷ್ಟೂರಕ್ಕೆ ದಾರಿ

ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ಯಬೇಕು ಅನ್ನುವುದು ಸಾಹೇಬರ ಹಂಬಲ. ಮೊದಲ ಸಭೆಯಲ್ಲಿ ಅಜಂತಾ ಅಂದೆವು. ಎರಡನೇ ಸಭೆಯಲ್ಲಿ ಹಂಪಿಗೆ ಇಳಿದೆವು. ಆಮೇಲೆ ಗುಲಬರ್ಗಾ. ರೊಕ್ಕ ಎಷ್ಟು ಸಿಗುತ್ತದೆ ಅಂತ ಗೊತ್ತಾದ ದಿನ ಅಷ್ಟೂರಕ್ಕೆ ಬಂದು ನಿಂತೆವು. ಅಷ್ಟೂರ ಅಂದರೆ ಬೀದರಿನ ಬಗಲಲ್ಲೇ ಇರುವ ಹಳ್ಳಿ, ಬಹಮನಿ ಸುಲ್ತಾನರ ಗೋರಿಗಳಿರುವ ಜಾಗ. ಮುಂಜಾನೆ ನಡೆದುಕೊಂಡು ಹೋಗಿ ಊಟಕ್ಕೆ ಮನೆಗೆ ಬರಬಹುದು.

ಅಲ್ಲೇ ಬಂತು ತೊಡಕು. ಅಷ್ಟು ಹತ್ತಿರದ ಜಾಗಕ್ಕೆ ಹೋದರೆ ಅದು ಪ್ರವಾಸವೇ ಅಲ್ಲವಂತೆ, ಬರುವ ಅಷ್ಟಿಷ್ಟು ರೊಕ್ಕವೂ ಬರುವುದಿಲ್ಲವಂತೆ. ಊರು ಬಿಟ್ಟು ಇಂತಿಷ್ಟು ದೂರ ಹೋಗಿರಲೇಬೇಕು ಅಂತ ನಿಯಮ.

ದೊಡ್ಡ ಮಾಸ್ತರ್ ಗಲ್ಲದ ಮೇಲೆ ಕೈ ಇಟ್ಟು ವಿಚಾರ ಮಾಡಿದರು. "ಅಷ್ಟೂರ ಹತ್ತಿರ ಅದ ಅಂದ್ರ ಅದರ ತಪ್ಪಲ್ಲ, ದಾರಿದು ತಪ್ಪು. ದಾರಿ ಉದ್ದ ಮಾಡೋಣು."

ಮಾಡಿದೆವು. ಮುಂಜಾನೆ ಬೀದರಿನಿಂದ ಬಸ್ಸು ಹತ್ತಿ ಭಾಲ್ಕಿಗೆ ಹೋದೆವು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಖಟಕ ಚಿಂಚೋಳಿಗೆ, ನಮ್ಮ ಮನೆಗೇ ಹೋದೆವು. ಹೋಟೆಲಿನ ಖರ್ಚು ಉಳಿಯುತ್ತದಲ್ಲ! ನಮ್ಮವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮಾಡಿ ಕಾಯುತ್ತಿದ್ದಳು. ಸಾಹೇಬರು ಸಂಕೋಚದಿಂದ ಕಟ್ಟೆಯ ತುದಿಗೆ ಕೂತರೆ, "ಒಳಗ ಬಾ ತಮ್ಮಾ. ನಮ್ಮ ಹುಡುಗಗ ಗಂಜಿ ಕುಡಿಸಿದಾವ ನೀನೇ ಅಲ್ಲ? ನಿನಗ್ಯಾಕ ನಾಚಿಕಿ?" ಅಂತ ಕೈ ಹಿಡಿದು ಒಳಗೆ ಕರೆದಳು. ಸಾಹೇಬರು ತಲೆ ತಗ್ಗಿಸಿ ಉಂಡರು. ಅವರ ಕಣ್ಣು ತುಂಬಿದ್ದವು. ಹಿಂಡಿ ಖಾರ ಅಂತ ಹೇಳಿದರು.

ಕೈ ತೊಳೆದ ಮೇಲೆ ಅವ್ವ ಕೇಳಿದಳು: "ಮುಂದ ಎಲ್ಲಿಗಿ ಹೋಗ್ತೀರಿ?"

"ಅಷ್ಟೂರಕ್ಕ ಅವ್ವಾ."

"ಯಾವ ಅಷ್ಟೂರ? ಬೀದರದ ಬಾಜುಕಿಂದಾ?"

"ಹೌದು."

ಅವ್ವ ನನ್ನನ್ನು, ಹುಡುಗರನ್ನು, ದೊಡ್ಡ ಮಾಸ್ತರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಬೀದರದಿಂದ ಅಷ್ಟೂರಕ್ಕ ಹೋಗಾಕ ಇಲ್ಲಿಗಿ ಯಾಕ ಬಂದ್ರಿ? ಇಷ್ಟು ಮಂದಿ ಓದಿದಾವ್ರು ಅದೀರಿ, ಒಬ್ರಿಗರೆ ದಾರಿ ಗೊತ್ತಿಲ್ಲೇನು?"

ನಾವೆಲ್ಲ ನೆಲ ನೋಡಿದೆವು. ಸಾಹೇಬರೇ ಹೇಳಿದರು: "ದಾರಿ ಗೊತ್ತದ ಅಮ್ಮಾ. ಆದ್ರ ಆ ದಾರ್ಯಾಗ ನಿಮ್ಮ ಮನಿ ಬರೋದಿಲ್ಲ."

ಬೆಂಚು ತುಂಬಿದ ದಿನ

ಕಡೆಗೂ ಹೆದರಿದ್ದು ಬಂತು. ಭಾಷಾ ವಿಭಾಗದ ಮೂರು ಹುದ್ದೆಗಳಲ್ಲಿ ಒಂದನ್ನು ಕಡಿಮೆ ಮಾಡಲೇಬೇಕು, ಯಾವುದು ಅಂತ ತರಗತಿಗಳನ್ನು ಕಣ್ಣಾರೆ ನೋಡಿ ಹೇಳುತ್ತೇವೆ ಅಂತ ಮೇಲಿನಿಂದ ತಿಳಿಸಿದರು. ಯಾವುದು ಅಂತ ನಮಗೆ ಕೇಳಬೇಕಾಗಿರಲಿಲ್ಲ. ಕನ್ನಡದ ಎರಡು ತರಗತಿಗಳಲ್ಲಿ ಹುಡುಗರು ಕಿಕ್ಕಿರಿದಿದ್ದರು, ಉರ್ದು ತರಗತಿಯಲ್ಲಿ ಮುಂದಿನ ಬೆಂಚು ಕೂಡ ತುಂಬುತ್ತಿರಲಿಲ್ಲ.

ಸಾಹೇಬರು ಎರಡು ದಿನ ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿದರು. ಮೂರನೇ ದಿನ ದೊಡ್ಡ ಮಾಸ್ತರ್ ಬಾಗಿಲು ಹಾಕಿ ಸಭೆ ನಡೆಸಿದರು. "ನೋಡ್ರಿ, ನಮ್ಮ ಹುಡುಗ್ರೆಲ್ಲಾ ಸಣ್ಣಂದಿರಿದ್ದಾಗ ಉರ್ದು ಸಾಲ್ಯಾಗೇ ಕಲ್ತಾವ್ರು. ಓದಾಕ ಬರ್ತದ, ಬರ್ಯಾಕ ಬರ್ತದ. ಅಧಿಕಾರಿ ಬಂದ ತಾಸಿನಾಗ ಕನ್ನಡ ಕ್ಲಾಸಿನಾವ್ರು ಒಂದಿಷ್ಟು ಮಂದಿ ಸಾಹೇಬ್ರ ಕ್ಲಾಸಿನಾಗ ಕೂಡ್ಲಿ. ಸಾಹೇಬ್ರು ಉಳೀತಾರ."

ಸಾಹೇಬರು, "ಇದು ಬರಾಬರ್ ಅಲ್ಲ ಮಾಸ್ತರ್ ಸಾಬ್" ಅಂದರು.

"ನಿಮ್ಮ ತಾಯಿಗಿ ಬ್ಯಾರೆ ಊರಿನ ನೀರು ಕುಡಸೋದು ಬರಾಬರ್ ಏನು? ಸುಮ್ನ ಕೂಡ್ರಿ."

ಎಷ್ಟು ಮಂದಿ ಹುಡುಗರು, ಯಾರ ತರಗತಿಯಿಂದ, ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆ ದಿನ ಮುಂಜಾನೆ ನಾನು ವಿಚಾರ ಮಾಡಿದೆ: ದೊಡ್ಡ ಮಾಸ್ತರ ತರಗತಿ ತುಂಬಿಯೇ ಇರುತ್ತದೆ, ನನ್ನವರನ್ನು ಎಲ್ಲರನ್ನೂ ಕಳಿಸಿದರೆ ಏನಾಯಿತು? ಸಾಹೇಬರ ಬೆಂಚು ಒಂದೂ ಖಾಲಿ ಉಳಿಯಬಾರದು. ಎಲ್ಲರನ್ನೂ ಕಳಿಸಿಬಿಟ್ಟೆ. ಹುಡುಗರು ಕುಣಿಯುತ್ತಾ ಹೋದರು. ಅತ್ತ ದೊಡ್ಡ ಮಾಸ್ತರೂ ಅದನ್ನೇ ವಿಚಾರ ಮಾಡಿದ್ದರು: ತಮ್ಮನ ತರಗತಿ ತುಂಬಿಯೇ ಇರುತ್ತದೆ, ನನ್ನವರೆಲ್ಲ ಹೋಗಲಿ.

ಅಧಿಕಾರಿ ಮೊದಲು ಹೋದದ್ದು ಉರ್ದು ತರಗತಿಗೆ. ಒಳಗೆ ಕಾಲಿಡಲು ಜಾಗ ಇಲ್ಲ. ಬೆಂಚಿಗೆ ಮೀರಿ ಹುಡುಗರು, ಕಿಟಕಿಯಲ್ಲಿ ಹುಡುಗರು, ನೆಲದ ಮೇಲೆ ಹುಡುಗರು. ನಡುವೆ ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ಅಧಿಕಾರಿ ಹಣೆಗೆ ವಿಭೂತಿ ಹಚ್ಚಿದವನೊಬ್ಬನನ್ನು ಎಬ್ಬಿಸಿ ಓದಿಸಿದರು. ನೀರು ಕುಡಿದ ಹಾಗೆ ಓದಿದ. ಇನ್ನೊಬ್ಬನೂ ಓದಿದ, ಮತ್ತೊಬ್ಬನೂ ಓದಿದ. ಅಧಿಕಾರಿ ಸಾಹೇಬರ ಕೈ ಕುಲುಕಿ, "ಭೇಷ್ ಮೇಷ್ಟ್ರೇ!" ಅಂದರು.

ಅಲ್ಲಿಂದ ನನ್ನ ತರಗತಿಗೆ ಬಂದರು. ನಾನು, ಹಲಗೆ, ಸುಣ್ಣದ ಕಡ್ಡಿ. ಬೇರೆ ಒಂದು ನರಪಿಳ್ಳೆ ಇಲ್ಲ.

"ಎಲ್ರೀ ಹುಡುಗರು?"

ಏನು ಹೇಳಲಿ? "ಈಗ ಬರ್ತಾರ್ರಿ" ಅಂದೆ.

"ಯಾವಾಗಿಂದ ಕಾಯ್ತಾ ಇದ್ದೀರಿ?"

ನಾನು ಹಲಗೆ ಒರೆಸತೊಡಗಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಪಕ್ಕದ ತರಗತಿಯಲ್ಲಾದರೂ ಮಂದಿ ಇದ್ದಾರಲ್ಲ ಅಂತ ಧೈರ್ಯದಿಂದ ಅವರ ಹಿಂದೆಯೇ ಹೋದೆ. ಖಾಲಿ ಬೆಂಚುಗಳ ಎದುರು ದೊಡ್ಡ ಮಾಸ್ತರ್ ಒಬ್ಬರೇ ಕಣ್ಣು ಮುಚ್ಚಿ ಕೂತಿದ್ದರು. ಕಣ್ಣು ತೆರೆದು ಮೊದಲು ನನ್ನನ್ನು ನೋಡಿದರು. "ನಿನ್ನವ್ರೂ ಹೋದ್ರೇನೋ?" ಅನ್ನುವುದು ಆ ನೋಟದಲ್ಲೇ ಇತ್ತು.

ಅಧಿಕಾರಿ ಕೇಳಿದರು: "ಇಲ್ಲಿ ನೀವೇನು ಮಾಡ್ತಾ ಇದ್ದೀರಿ ಸ್ವಾಮಿ?"

"ಧ್ಯಾನ ರೀ" ಅಂದರು ದೊಡ್ಡ ಮಾಸ್ತರ್.

ಆಮೇಲೆ ಹೇಳುವುದೇನಿದೆ? ಉರ್ದುವಿಗೆ ಕೂಡಲು ಜಾಗವಿಲ್ಲ, ಕನ್ನಡಕ್ಕೆ ಇಬ್ಬರು ಮಾಸ್ತರರಿದ್ದಾರೆ, ವಿದ್ಯಾರ್ಥಿ ಒಬ್ಬನೂ ಇಲ್ಲ. ಕನ್ನಡದ ಕಿರಿಯ ಹುದ್ದೆ ರದ್ದಾಯಿತು. ನನ್ನನ್ನು ರಾಜ್ಯದ ಇನ್ನೊಂದು ತುದಿಗೆ, ಮೈಸೂರನ್ನೂ ದಾಟಿ ಚಾಮರಾಜನಗರದ ಕಡೆಗೆ ವರ್ಗ ಮಾಡಿದರು. ರಾಜ್ಯ ಒಂದಾಗಿತ್ತಲ್ಲ, ಕಳಿಸಲಿಕ್ಕೆ ಅಷ್ಟು ದೂರದ ತುದಿ ಸಿಕ್ಕಿತು.

ಸಾಹೇಬರು ನಮ್ಮ ಮನೆಗೆ ಓಡಿಬಂದು, "ನಾ ಹೋಗಿ ಖರೇ ಹೇಳ್ತೇನಿ ಭಾಯಿ, ನಾ ಹೋಗ್ತೇನಿ, ನೀವು ಇರ್ರಿ" ಅಂತ ಸಣ್ಣ ಮಕ್ಕಳ ಹಾಗೆ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. "ನಾ ಒಬ್ಬಂವ, ಎಲ್ಲಿದ್ರೂ ನಡೀತದ. ಅಮ್ಮಾಜಾನರನ್ನ ನೀವು ಎಲ್ಲಿಗಿ ಹೊತ್ಕೊಂಡು ಹೋಗ್ತೀರಿ?" ಅಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಕೂತರು, ಹೊತ್ತು ಮುಳುಗುವವರೆಗೂ ಬಿಡಲಿಲ್ಲ.

ದೊಡ್ಡ ಮಾಸ್ತರ್ ಮಾತ್ರ ಆ ಆದೇಶವನ್ನು ತಳದವರೆಗೂ ಓದಿ ನಿಟ್ಟುಸಿರು ಬಿಟ್ಟರು: "ಇದರಾಗ ಇನ್ನೊಂದು ಮಾತು ಅದ ನೋಡ್ರಿ. ಉರ್ದು ಕ್ಲಾಸಿಗಿ ಹೊಸಾ ಬೆಂಚ್ ಮಂಜೂರ್ ಮಾಡ್ಯಾರ."

ರೈಲು ಹೊರಟಾಗ

ಆ ದೂರದ ಊರಿಗೆ ಹೋಗಿ ಇಳಿದೆ. ಭತ್ತದ ಗದ್ದೆ, ತೆಂಗಿನ ಮರ, ಮೆತ್ತನೆಯ ಮಾತು. ನಾನು "ಹ್ಯಾಂಗದೀರಿ" ಅಂದರೆ ಹುಡುಗರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು. ಜೋಳದ ರೊಟ್ಟಿ ಬಡಿಯುವ ಸಪ್ಪಳ ಒಂದು ಮನೆಯಿಂದಲೂ ಕೇಳಿಸದು. ಸಂಜೆಯಾದರೆ ಸಾಕು, ಬೀದರಿನ ನಡುವಿನ ಚೌಬಾರಾ ಗೋಪುರದ ಹತ್ತಿರ ಸಾಹೇಬರ ಜೊತೆ ನಿಂತು ಚಹಾ ಕುಡಿದದ್ದು ನೆನಪಾಗಿ ಊಟ ಸೇರುತ್ತಿರಲಿಲ್ಲ. ಯಾರಾದರೂ ಕೆಂಪು ಮಣ್ಣಿನ ಹಾದಿಯಲ್ಲಿ ದೂರದಿಂದ ಬರುತ್ತಿದ್ದರೆ ನಡಿಗೆ ನೋಡಿ ಅವರೇ ಏನೋ ಅಂತ ನಿಲ್ಲುತ್ತಿದ್ದೆ. ಹುಚ್ಚು, ಇನ್ನೇನು!

ಅಲ್ಲಿನ ಮುಖ್ಯಸ್ಥರು ಮೊದಲ ದಿನವೇ ಹೇಳಿದರು: "ನೋಡಿ ಸಾರ್, ಕನ್ನಡಕ್ಕೆ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಉರ್ದು ಮೇಷ್ಟ್ರನ್ನ ಇಟ್ಕೊಳ್ಳೋಕೆ ದುಡ್ಡಿಲ್ಲ, ಮಕ್ಕಳು ಮಾತ್ರ ಇದ್ದಾರೆ. ನೀವು ಬೀದರಿನೋರು, ಉರ್ದು ಬರುತ್ತಲ್ಲ? ಅದನ್ನೇ ಹೇಳ್ಕೊಡಿ."

ಹೇಳಿದೆ. ನಾನು ಕನ್ನಡ ಮಾಸ್ತರ, ಕನ್ನಡ ನಾಡಿನ ಈ ತುದಿಯಿಂದ ಆ ತುದಿಗೆ ಹೋಗಿ ಉರ್ದು ಹೇಳಿದೆ.

ಮುಂದಿನ ರಜೆಗೆ ಬೀದರಿಗೆ ಬಂದೆ. ಇದನ್ನು ಹೇಳಿ ಸಾಹೇಬರನ್ನು ನಗಿಸಬೇಕು ಅಂತ ರೈಲಿನುದ್ದಕ್ಕೂ ಕಾಯ್ದಿದ್ದೆ. ಹೇಳಿದೆ. ಸಾಹೇಬರು ನಗಲಿಲ್ಲ, ಮಿಕಿಮಿಕಿ ನೋಡಿದರು. ಪಕ್ಕದಲ್ಲಿದ್ದ ದೊಡ್ಡ ಮಾಸ್ತರ್ ಕೆಮ್ಮಿದರು.

"ಏನಾಯ್ತ್ರಿ?"

"ಏನ್ ಆಗ್ತದೋ ತಮ್ಮಾ. ನಿನ್ನ ಹುದ್ದಿ ಹೋಯ್ತು, ನಿನ್ನ ಹುಡುಗ್ರು ಹೋಗಲಿಲ್ಲ. ನಾ ಒಬ್ಬಂವ ಎರಡು ಕ್ಲಾಸ್ ಒಮ್ಮಿಗೇ ಹ್ಯಾಂಗ ಹೇಳ್ಲಿ? ಸರಕಾರದ ಲೆಕ್ಕದಾಗ ಹುಡುಗ್ರೆಲ್ಲಾ ಸಾಹೇಬ್ರ ಕ್ಲಾಸಿನಾಗೇ ಅದಾರ. ಹಂಗಾಗಿ ನಿನ್ನ ಪಾಠ ಎಲ್ಲಾ ಸಾಹೇಬ್ರೇ ಹೇಳ್ತಾರ. ಕನ್ನಡ."

ಸಾಹೇಬರು ನಾಚಿ, "ಚಲೋ ಹೇಳ್ತೇನಿ ಅಂತಾರ ಹುಡುಗ್ರು" ಅಂದರು. ನಾವು ಮೂವರೂ ನಗತೊಡಗಿದವರು ನಿಲ್ಲಿಸಲೇ ಇಲ್ಲ. ಕಣ್ಣೀರು ಬರುವವರೆಗೂ ನಕ್ಕೆವು. ಆಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ. "ಇದ್ದಲ್ಲಿ ಇದ್ದಂಗ ಬಿಟ್ಟಿದ್ರ ಯಾರ ಗಂಟು ಹೋಗ್ತಿತ್ತು ಭಾಯಿ?" ಅಂದರು ಸಾಹೇಬರು.

ರಜೆ ಮುಗಿದು ನಾನು ಹೊರಟ ದಿನ ಇಬ್ಬರೂ ಸ್ಟೇಷನ್ನಿಗೆ ಬಂದರು. ಅಮ್ಮಾಜಾನ್ ಹೇಳಿ ಕಟ್ಟಿಸಿದ ಬುತ್ತಿ ಕೈಗಿಟ್ಟು ಸಾಹೇಬರು ಕಿಟಕಿಯ ಹತ್ತಿರ ನಿಂತಿದ್ದರು. ಗಾರ್ಡ್ ಸೀಟಿ ಊದಿದ. ರೈಲು ಅಲುಗಾಡಿತು. ಆಗ ಸಾಹೇಬರಿಗೆ ಏನು ಹೊಳೆಯಿತೋ, ಕಿಟಕಿಯ ಸರಳು ಹಿಡಿದುಕೊಂಡು ಜೊತೆಗೇ ನಡೆಯತೊಡಗಿದರು.

"ಭಾಯಿ! ಕಾಲೇಜ್ ಸುರು ಆದ ಕೂಡ್ಲೇ ನನಗ ವಚನದ ಪಾಠ ಅದ! ಅರ್ಥಾ ಹೇಳಿ ಹೋಗ್ರಿ!"

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳತೊಡಗಿದೆ. ಅಷ್ಟರಲ್ಲಿ ನನಗೂ ನೆನಪಾಯಿತು. "ಸಾಹೇಬ್ರ! ನನಗ ಗಜಲಿನ ಪಾಠ ಅದ! ನೀವೂ ಹೇಳ್ರಿ!"

ರೈಲಿಗೆ ವೇಗ ಬಂತು. ಸಾಹೇಬರು ಶೇರವಾನಿ ಎತ್ತಿ ಹಿಡಿದು ಓಡುತ್ತಾ ಗಜಲಿನ ಅರ್ಥ ಒದರುತ್ತಿದ್ದಾರೆ, ನಾನು ಅರ್ಧ ದೇಹ ಹೊರಗೆ ಹಾಕಿ ವಚನದ ಅರ್ಥ ಒದರುತ್ತಿದ್ದೇನೆ. ಅವರದು ನನಗೆ ಕೇಳಿಸದು, ನನ್ನದು ಅವರಿಗೆ ಕೇಳಿಸದು. ಇಬ್ಬರೂ ಕೈ ಮಾಡುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೇವೆ. ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ಎದ್ದು ನಿಂತರು.

ಮುಂದಿನದನ್ನು ನನಗೆ ಆಮೇಲೆ ದೊಡ್ಡ ಮಾಸ್ತರೇ ಹೇಳಿದರು. ಟಿಕೆಟ್ ನೋಡುವವನು ಗಾಬರಿಯಾಗಿ ಓಡಿಬಂದು, "ಏನ್ರಿ ಅಜ್ಜಾರ, ಯಾಕ ಹಿಂಗ ಜಗಳಾ ಆಡ್ತಾರ ಇವರು?" ಅಂತ ಕೇಳಿದನಂತೆ.

ದೊಡ್ಡ ಮಾಸ್ತರ್ ರುಮಾಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದರಂತೆ: "ಜಗಳಾ ಅಲ್ಲಪ್ಪಾ. ನಮ್ಮ ವಿಭಾಗದ ಮೀಟಿಂಗ್ ನಡದದ."